ಹಿಂದಿಂದು ಪೂರ್ತಿ ಬೋಳು

ನಮ್ಮ ಕಟ್ಟಡದ ನೆಲಮಹಡಿಯವರಿಗೆ ಸ್ಪೀಡಪ್ಪ ಎಂದು ಹೆಸರಿಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸುತ್ತಾರೆ. ಇರಲಿ. ಹೆಸರು ಯಾರಿಟ್ಟರೇನು, ಚೆನ್ನಾಗಿ ಕೂತಿದೆಯಲ್ಲ, ಅಷ್ಟು ಸಾಕು.

ಸ್ಪೀಡಪ್ಪನವರದು ಔಷಧಿ ಕಂಪನಿಯಲ್ಲಿ ಲೇಬಲ್ ತಿದ್ದುವ ಕೆಲಸ. ‘ಚೆನ್ನಾಗಿ ಅಲುಗಾಡಿಸಿ ಬಳಸಿ’, ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂಬಂಥ ಸಾಲುಗಳಲ್ಲಿ ಒಂದು ಕೊಂಬೂ ಒಂದು ದೀರ್ಘವೂ ತಪ್ಪದಂತೆ ಬೆಳಗಿನಿಂದ ಸಂಜೆಯವರೆಗೆ ಕಾವಲು ಕಾಯುತ್ತಾರೆ. ಇಂಥ ಸಾಧು ಪ್ರಾಣಿಗೆ ಇದ್ದಕ್ಕಿದ್ದಂತೆ ಒಂದು ಕೆಂಪು ಸ್ಪೋರ್ಟ್ಸ್ ಕಾರಿನ ಮೇಲೆ ಮನಸ್ಸಾಯಿತು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಯಾರೋ ಓಡಿಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಮಾಲು. ತಂದೇಬಿಟ್ಟರು. ಅಂದಿನಿಂದ ದಿನವೂ ಆಫೀಸಿಗೆ ಅದರಲ್ಲೇ ಸವಾರಿ. ಬೆಳಿಗ್ಗೆ ಅದು ಗುಡುಗಿದರೆ ಮೇಲಿನ ಮಹಡಿಯ ಹಲ್ಲಿನ ಡಾಕ್ಟರಮ್ಮನ ರೋಗಿಗಳು ತಾವಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಗುಡುಗೆಲ್ಲ ಮುಗಿದ ಮೇಲೆ ಕಾರು ಹೊರಡುತ್ತದೆ. ತರಕಾರಿ ಗಾಡಿಯ ಹಿಂದೆ, ಅದನ್ನು ದಾಟಿ ಮುಂದೆ ಹೋಗುವ ಯಾವ ದುರಾಸೆಯೂ ಇಲ್ಲದೆ.

ಆ ಮನೆಯಲ್ಲಿ ಮೂರು ಜನ. ಸ್ಪೀಡಪ್ಪ, ಆಸ್ಪತ್ರೆಯಲ್ಲಿ ನರ್ಸಾಗಿರುವ ಅವರ ಹೆಂಡತಿ, ಮತ್ತು ಆಕೆಯ ತಂದೆ. ಈ ಮಾವ ನಿವೃತ್ತ ಡ್ರಿಲ್ ಮಾಸ್ತರು. ನಾಲ್ಕು ದಿನ ಇದ್ದು ಹೋಗೋಣವೆಂದು ಬಂದವರು ಅಲ್ಲಿಯೇ ಉಳಿದುಕೊಂಡರು, ಯಾರೂ ಹೋಗಿ ಅನ್ನಲಿಲ್ಲ. ನುಣ್ಣನೆ ತಲೆ, ಒಂದಿಷ್ಟು ಹೊಟ್ಟೆ, ಕೊರಳಲ್ಲಿ ಇಂದಿಗೂ ಸೀಟಿ. ಸಂಜೆ ಅಳಿಯನ ಕಾರು ಬಂದರೆ ಸಾಕು, ಮಾಸ್ತರು ಗೇಟಿನಲ್ಲಿ ನಿಂತು ಸೀಟಿ ಊದಿ, ಕೈ ಬೀಸಿ, ‘ಹಿಂದೆ ಬರ್ಲಿ, ಇನ್ನೂ ಬರ್ಲಿ, ಸಾವಧಾನ್!’ ಎಂದು ಕೂಗಿ ಕಾರನ್ನು ಜಾಗದಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಮಾವ ಅಳಿಯ ಇಬ್ಬರೂ ಒಂದೊಂದು ಬಟ್ಟೆ ಹಿಡಿದು ಅದರ ಮೈ ಒರೆಸುತ್ತಾರೆ. ನೋಡಲು ಚೆನ್ನಾಗಿರುತ್ತದೆ. ನಾನು ಬಾಲ್ಕನಿಯಲ್ಲಿ ಕೂತು ದಿನಾ ನೋಡುತ್ತೇನೆ.

ಕಾರಿಗೆ ಹಿಂದಿನ ಸೀಟು ಇದೆ ಎಂದು ಅದನ್ನು ಮಾಡಿದವರು ಹೇಳಿಕೊಂಡಿದ್ದಾರೆ. ಮೂವರೂ ಹೊರಟ ದಿನ ಮುಂದೆ ಮಗಳು ಕೂರಬೇಕು ಎಂಬುದು ಮಾಸ್ತರ ಹಟ. ಹಾಗಾಗಿ ಹಿಂದಿನದು ಅವರ ಪಾಲು. ಮೊದಲು ತಲೆ, ಆಮೇಲೆ ಎಡಗಾಲು, ಕೊನೆಗೆ ಉಸಿರು ಬಿಗಿಹಿಡಿದು ಉಳಿದದ್ದೆಲ್ಲ. ಒಳಹೋಗುವುದು ಅವರ ಕೈಯಲ್ಲಿದೆ, ಹೊರಬರುವುದು ಎಳೆಯುವವರ ಕೈಯಲ್ಲಿದೆ.

ಹೀಗಿರುವಾಗ ಒಂದು ಮಳೆಯ ಸಂಜೆ ಸ್ಪೀಡಪ್ಪನವರು ಗೇಟಿನೊಳಗೆ ತಿರುಗಿಸಿ ಬ್ರೇಕು ಒತ್ತಿದರು. ಕಾರು ನಿಲ್ಲಲಿಲ್ಲ. ಅವಸರವೂ ಪಡಲಿಲ್ಲ. ಸದ್ದಿಲ್ಲದೆ ಅಡ್ಡಡ್ಡ ಜಾರಿಕೊಂಡು ಹೋಗಿ ಡಾಕ್ಟರಮ್ಮನ ಹೂವಿನ ಕುಂಡಗಳ ಸಾಲನ್ನು ಒಂದೊಂದಾಗಿ ಮಲಗಿಸಿತು. ಹಲ್ಲು ಕಿತ್ತ ಹಾಗೆ ಸಾಲು ಖಾಲಿಯಾಯಿತು.

“ಬ್ರೇಕ್ ಹಾಕಿದ್ದೆ ಡಾಕ್ಟ್ರೇ,” ಎಂದರು ಸ್ಪೀಡಪ್ಪ.

“ಹಾಕಿರ್ತೀರಿ. ಕಾರಿಗೆ ಹೇಳಿರ್ಲಿಲ್ಲ ಅನ್ಸುತ್ತೆ,” ಎಂದರು ಡಾಕ್ಟರಮ್ಮ.

ಬಗ್ಗಿ ನೋಡಿದರೆ ಹಿಂದಿನ ಟೈರೆರಡೂ ಮಾಸ್ತರ ತಲೆಯಷ್ಟೇ ನುಣುಪು. ಹೋದ ವರ್ಷ ತಾನೆ ಹಾಕಿಸಿದ್ದು! ‘ರೇಸಿಗೆ ಹೇಳಿ ಮಾಡಿಸಿದ ಮೆತ್ತನೆ ರಬ್ಬರು’ ಎಂದು ಸ್ಪೀಡಪ್ಪನವರು ಇಡೀ ಬೀದಿಗೆ ಸಾರಿದ್ದ ಟೈರು. ಹೆಂಡತಿ ಆಸ್ಪತ್ರೆಯಿಂದ ಬಂದವರು ಕುಂಡಗಳನ್ನು ನೋಡಿದರು, ಗಂಡನನ್ನು ನೋಡಿದರು, ಇಂಜೆಕ್ಷನ್ ಕೊಡುವ ಮುಂಚಿನ ಶಾಂತ ಸ್ವರದಲ್ಲಿ ತೀರ್ಪು ಹೇಳಿದರು.

“ನೋಡಿ, ಈ ಸಲ ಹಾಕ್ಸೋ ಟೈರು ಐದು ವರ್ಷ ಬಾಳಿಕೆ ಬರ್ಬೇಕು. ಬರಲ್ಲ ಅಂದ್ರೆ ಕಾರು ಮಾರಿ, ಅಪ್ಪ ಕಾಲು ಚಾಚ್ಕೊಂಡು ಕೂರೋ ಅಂಥದ್ದು ಯಾವುದಾದ್ರೂ ತರೋಣ. ಇಷ್ಟೇ ನಾನು ಹೇಳೋದು.”

ಲೇಬಲ್ ತಿದ್ದುವ ಕೆಂಪು ಶಾಯಿ ಬಿಟ್ಟರೆ ಸ್ಪೀಡಪ್ಪನವರ ಬದುಕಿನಲ್ಲಿ ಇದ್ದದ್ದು ಅದೊಂದೇ ಕೆಂಪು.

ಮರುದಿನವೇ ಟೈರಂಗಡಿಗೆ ಹೊರಟರು. ಧೈರ್ಯಕ್ಕೆ ಇರಲಿ ಎಂದು ನನ್ನನ್ನೂ ಕರೆದುಕೊಂಡರು. ಅಂಗಡಿಯವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದ.

“ಹೆಂಗೆ ಓಡಿಸ್ತೀರಿ ಸಾರ್ ನೀವು?”

ನಿಜ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸ್ಪೀಡಪ್ಪನವರು ಕನ್ನಡಕ ಒರೆಸಿಕೊಂಡು, “ಹಾಂ... ಸ್ವಲ್ಪ ಎಳೀತೀನಿ,” ಎಂದರು.

“ತಿರುವಿನಲ್ಲಿ?”

“ತಿರುವಿನಲ್ಲಂತೂ ನಾನು ಮನುಷ್ಯನೇ ಅಲ್ಲ.”

ಈ ಮಾತು ಒಂದು ರೀತಿಯಲ್ಲಿ ನಿಜ. ತಿರುವು ಬಂದರೆ ಅವರು ಆಮೆಯಾಗುತ್ತಾರೆ. ನಾನು ಕೆಮ್ಮಿದೆ.

“ಹಂಗಾದ್ರೆ ಮೆತ್ತಂದೇ ಬೇಕು ಸಾರ್ ನಿಮಗೆ. ರಸ್ತೆ ಗಬಕ್ಕಂತ ಹಿಡ್ಕೊಳ್ಳುತ್ತೆ. ಆದ್ರೆ ಹಿಡ್ಕೊಂಡಷ್ಟೂ ಸವೆಯುತ್ತೆ, ವರ್ಷಕ್ಕೆ ಢಮಾರ್.”

“ಐದು ವರ್ಷ ಬರ್ಬೇಕು. ಮನೇಲಿ ಹೇಳಿದ್ದಾರೆ.”

“ಹಂಗಂದ್ರೆ ಗಟ್ಟೀದು ಹಾಕ್ಸಿ. ಆದ್ರೆ ಅದು ಸಂಸಾರಸ್ಥರಿಗೆ ಸಾರ್. ನಿಮ್ಮಂಥೋರಿಗಲ್ಲ.”

‘ನಿಮ್ಮಂಥೋರು’ ಎಂಬ ಒಂದು ಮಾತಿಗೆ ಸ್ಪೀಡಪ್ಪನವರು ಉಬ್ಬಿಹೋದರು. ಮೆತ್ತನೆಯದು ಹಾಕಿಸಿದರೆ ಮುಂದಿನ ವರ್ಷ ಕಾರು ಹೋಗುತ್ತದೆ, ಗಟ್ಟಿಯದು ಹಾಕಿಸಿದರೆ ಈ ಕ್ಷಣವೇ ಮಾನ ಹೋಗುತ್ತದೆ. “ಯೋಚ್ನೆ ಮಾಡಿ ಫೋನ್ ಮಾಡ್ತೀನಿ,” ಎಂದು ಬಂದುಬಿಟ್ಟರು. ಆಮೇಲೆ ದಿನವೂ ಅಂಗಡಿಯವನಿಗೆ ಫೋನು.

ಆ ಫೋನುಗಳಲ್ಲಿ ಒಂದು, ಹಿತ್ತಿಲಿನಲ್ಲಿ ಬಟ್ಟೆ ಒಣಹಾಕಿದ್ದ ಹಗ್ಗದ ಪಕ್ಕದಲ್ಲಿ ನಡೆಯಿತು. ನಾನು ಕದ್ದು ಕೇಳುವವನಲ್ಲ. ಆದರೆ ನನ್ನ ಬಾಲ್ಕನಿ ಸರಿಯಾಗಿ ಅದರ ಮೇಲೆಯೇ ಇದೆ, ಅದಕ್ಕೆ ನಾನೇನು ಮಾಡಲಿ? ಹಗ್ಗದ ಈಚೆ ಸ್ಪೀಡಪ್ಪ ಫೋನಿನಲ್ಲಿ. ಮಧ್ಯೆ ಒದ್ದೆ ಬೆಡ್‌ಶೀಟು. ಶೀಟಿನ ಆಚೆ ಕೆಳಗೆ ಎರಡು ಪಾದ. ಮಾಸ್ತರು ಟವೆಲು ಒಣಹಾಕಲು ಬಂದಿದ್ದರು.

“ಮುಂದಿಂದು ಇನ್ನೂ ಚೆನ್ನಾಗಿದೆ, ಅದರ ಚಿಂತೆ ಇಲ್ಲ,” ಎನ್ನುತ್ತಿದ್ದರು ಸ್ಪೀಡಪ್ಪ. “ಹಿಂದಿಂದೇ ತಲೆನೋವು. ಪೂರ್ತಿ ಬೋಳು... ಪಕ್ಕದಲ್ಲಿ ಹೊಟ್ಟೆ ಬೇರೆ ಉಬ್ಬಿದೆ.”

ಪಾದಗಳು ನಿಂತಲ್ಲೇ ನಿಂತವು.

“ಸದ್ದು? ಅಯ್ಯೋ ಅದನ್ನೇನು ಕೇಳ್ತೀರಿ, ಕಿವಿಗೆ ಹತ್ತಿ ಇಟ್ಕೋಬೇಕು ಅಷ್ಟು ಸದ್ದು. ಗಾಳಿನೂ ಅಷ್ಟೇ, ನಿಲ್ಲೋದೇ ಇಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಹೋಗಿರುತ್ತೆ... ತೇಪೆ ಹಾಕ್ಸಿದ್ದಾಯ್ತು, ಎರಡು ಸಲ! ಇನ್ನೆಷ್ಟು ಅಂತ ಹಾಕ್ಸೋದು?”

ಮಾಸ್ತರಿಗೂ ಆಪರೇಷನ್ ಎರಡು ಸಲವೇ ಆಗಿತ್ತು. ಕಣ್ಣಿನದೊಂದು, ಹರ್ನಿಯಾದೊಂದು.

“ಮಮತೆ ಇರೋದು ನಿಜ, ಇಷ್ಟು ದಿನ ನಮ್ಮ ಜೊತೆ ಇತ್ತಲ್ಲ. ಆದ್ರೆ ಸಂಸಾರದ ಕ್ಷೇಮ ನೋಡ್ಬೇಕಲ್ವಾ? ಯಾವತ್ತೋ ಒಂದಿನ ಕೈ ಕೊಟ್ರೆ ಏನು ಗತಿ? ಭಾನುವಾರ ತಂದು ಬಿಡ್ತೀನಿ, ಹಳೇದನ್ನ ನೀವೇ ಇಟ್ಕೊಂಡ್ಬಿಡಿ. ನಮ್ಮನೇಲಿ ಜಾಗ ಇಲ್ಲ.”

ಶೀಟಿನ ಕೆಳಗೆ ಎರಡು ಪಾದಗಳು ಸಾವಧಾನ್ ಸ್ಥಿತಿಗೆ ಬಂದು, ಎಡಕ್ಕೆ ತಿರುಗಿ, ನಡೆದುಹೋದವು. ಇದರ ಅರ್ಥ ಆಗ ನನಗೆ ಹೊಳೆಯಲಿಲ್ಲ. ಟವೆಲು ಮಾತ್ರ ನೆಲದಲ್ಲಿ ಬಿದ್ದಿತ್ತು.

ಮಾರನೆಯ ದಿನದಿಂದ ಆ ಮನೆಯಲ್ಲಿ ವಿಚಿತ್ರಗಳು ಶುರುವಾದವು. ಮಾಸ್ತರು ಉಣ್ಣೆಯ ಟೋಪಿ ಹಾಕಿಕೊಂಡರು. ಸೆಕೆಯಲ್ಲಿ, ಮನೆಯೊಳಗೆ, ಊಟಕ್ಕೆ ಕೂತಾಗಲೂ ಬಿಡದೆ. ಬೆಳ್ಳಂಬೆಳಿಗ್ಗೆ ಅಂಗಳದಲ್ಲಿ ಬಸ್ಕಿ ಹೊಡೆಯತೊಡಗಿದರು. ಕಾಳು ಬಿಟ್ಟರು, ಆಲೂಗಡ್ಡೆ ಬಿಟ್ಟರು, ಗಾಳಿಗೆ ಕಾರಣವಾಗುವ ಪ್ರತಿಯೊಂದನ್ನೂ ಬಿಟ್ಟರು. ಗೊರಕೆ ಬಂದೀತೆಂದು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದರು. ಯಾರಾದರೂ ಕಣ್ಣಿಗೆ ಬಿದ್ದರೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವರು, ಅವರು ಮರೆಯಾಗುವವರೆಗೆ ಉಸಿರಿಲ್ಲ. ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ ಸೀಟಿ ನಿಂತಿತು. ಅಳಿಯ ಕಾರು ತಂದರೆ ಗೇಟಿನಲ್ಲಿ ಯಾರೂ ಇಲ್ಲ. ಸ್ಪೀಡಪ್ಪನವರು ತಾವೇ ಹಿಂದೆ ಬಿಟ್ಟುಕೊಂಡು, ಡಾಕ್ಟರಮ್ಮ ಹೊಸದಾಗಿ ಇಟ್ಟ ಕುಂಡಗಳಲ್ಲಿ ದಿನಕ್ಕೊಂದನ್ನು ಒಡೆದರು.

“ಮಾವನೋರು ಯಾಕೋ ಬಹಳ ಚುರುಕಾಗಿದ್ದಾರೆ ನೋಡಿ,” ಎಂದರು ನನ್ನ ಹತ್ತಿರ, ಸಂತೋಷದಿಂದ. “ಆರೋಗ್ಯದ ಮೇಲೆ ಗಮನ ಬಂದಿದೆ.” ಬೇರೆಯವರ ಲೇಬಲ್ ಓದುವುದರಲ್ಲಿ ಇವರ ಯೋಗ್ಯತೆ ಇಷ್ಟು.

ಮಾಸ್ತರು ಮಗಳ ಹತ್ತಿರ ತುಟಿ ಬಿಚ್ಚಲಿಲ್ಲ. ಗಂಡ ಹೆಂಡಿರ ನಡುವೆ ಬಿರುಕು ತರುವ ಮನುಷ್ಯ ಅವರಲ್ಲ. ಆದರೆ ದುಃಖ ಯಾರಿಗಾದರೂ ಹೇಳಬೇಕಲ್ಲ, ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಅವರಿಬ್ಬರ ತಮ್ಮನಿಗೆ ಮಾಡಿದರು. ಭಾನುವಾರ ಬೆಳಿಗ್ಗೆ ಆ ಇಬ್ಬರೂ, ಅಂದರೆ ಸ್ಪೀಡಪ್ಪನವರ ದೊಡ್ಡತ್ತೆಯೂ ಚಿಕ್ಕಮಾವನೂ, ಆಟೋದಿಂದ ಇಳಿದರು. ದೊಡ್ಡತ್ತೆಯೆಂದರೆ ಧ್ವನಿಯಲ್ಲಿ ಮಾಸ್ತರ ಸೀಟಿಗೂ ಅಕ್ಕ. ಚಿಕ್ಕಮಾವ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಕಾಫಿ ತಣ್ಣಗಿದೆ ಎಂದರೂ ‘ದಾಖಲಾಗಲಿ’ ಎಂದು ಸೇರಿಸುವರು.

ಅಂದು ಮಗಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಬಂದವರನ್ನು ಕಂಡ ಸ್ಪೀಡಪ್ಪನವರು, ಕಾರು ಮಾರಿಸಲು ಹೆಂಡತಿಯೇ ತವರಿನ ದಂಡು ಕರೆಸಿದ್ದಾಳೆ ಎಂದುಕೊಂಡರು. ಓಡಿಬಂದು, “ನೀವೊಬ್ರು ನನ್ನ ಕಡೆ ಕೂತ್ಕೊಳ್ಳಿ,” ಎಂದು ನನ್ನನ್ನು ಎಳೆದುಕೊಂಡು ಹೋದರು.

ಪಂಚಾಯಿತಿ ಸೇರಿತು. ಮಾಸ್ತರು ನಡುಮನೆಗೆ ಬರಲೇ ಇಲ್ಲ.

“ಏನಪ್ಪಾ, ವಿಷಯ ಎಲ್ಲಾ ಗೊತ್ತಾಯ್ತು,” ಎಂದು ದೊಡ್ಡತ್ತೆ ಶುರುಮಾಡಿದರು. “ಬದಲಾಯಿಸ್ಬೇಕು ಅಂತಿದೀಯಂತೆ?”

“ನಿಮ್ಮ ತನಕ ಬಂತಾ ದೊಡ್ಡತ್ತೆ? ಹೌದು, ಇವತ್ತೇ ಮುಗಿಸ್ಬಿಡೋಣ ಅಂತ.”

“ಇವತ್ತೇ!” ದೊಡ್ಡತ್ತೆ ಎದೆ ಮುಟ್ಟಿಕೊಂಡರು. “ಎಷ್ಟು ದುಡಿದ ಜೀವವೋ ಅದು!”

“ದುಡಿದಿಲ್ಲ ಅನ್ನಲ್ಲ ದೊಡ್ಡತ್ತೆ. ಆದ್ರೆ ನೀವೇ ನೋಡಿದ್ದೀರಲ್ಲ, ಒಂದು ಗೆರೆ ಇಲ್ದಂಗೆ ಬೋಳಾಗಿದೆ.”

“ಬೋಳಾದ್ರೆ?” ಚಿಕ್ಕಮಾವ ಬೆನ್ನು ನೆಟ್ಟಗೆ ಮಾಡಿದರು. “ಬೋಳಾದ್ರೆ ಹೊರಗೆ ಹಾಕು ಅಂತ ಯಾವ ಕಾನೂನು ಹೇಳುತ್ತೆ?”

“ಕಾನೂನೇ ಹೇಳುತ್ತೆ ಚಿಕ್ಕಮಾವ! ಬೋಳಾದ್ದನ್ನ ರಸ್ತೆಗೆ ಇಳಿಸೋ ಹಾಗೇ ಇಲ್ಲ. ಪೊಲೀಸ್ನೋರು ಹಿಡೀತಾರೆ.”

ಚಿಕ್ಕಮಾವನ ಕೈ ತನ್ನಷ್ಟಕ್ಕೆ ತನ್ನ ನೆತ್ತಿಗೆ ಹೋಯಿತು. ಅಲ್ಲಿಯೂ ಹೇಳಿಕೊಳ್ಳುವಂಥದ್ದೇನಿರಲಿಲ್ಲ.

ನನಗೆ ಆ ಬೆಡ್‌ಶೀಟು, ಆ ಪಾದಗಳು, ಆ ಟೋಪಿ ಎಲ್ಲ ಒಟ್ಟಿಗೆ ನೆನಪಾದದ್ದು ಆಗ. “ಒಂದು ನಿಮಿಷ,” ಎಂದು ಬಾಯಿ ತೆರೆದೆ.

“ಸಾಕ್ಷಿಗಳು ಕೇಳ್ದಾಗ ಮಾತ್ರ ಮಾತಾಡ್ಬೇಕು. ದಾಖಲಾಗಲಿ,” ಎಂದರು ಚಿಕ್ಕಮಾವ. ನಾನು ಬಾಯಿ ಮುಚ್ಚಿದೆ.

“ಅಲ್ಲಯ್ಯಾ,” ದೊಡ್ಡತ್ತೆಯ ಧ್ವನಿ ಏರಿತು, “ಆವಾಗ್ಲಿಂದ ನೋಡ್ತಿದೀನಿ, ಅದು ಅದು ಅಂತೀಯಲ್ಲ, ನಿನಗೆ ನಾಚ್ಕೆ ಆಗಲ್ವಾ?”

“ಮತ್ತೇನಂತ ಹೇಳ್ಲಿ ದೊಡ್ಡತ್ತೆ? ಅವರು ಅನ್ಲಾ?”

“ಅವರು ಅನ್ನು! ಏಕವಚನದಲ್ಲಿ ಮಾತಾಡಿದ್ರೆ ನಾನು ಸುಮ್ನಿರಲ್ಲ!”

ಸ್ಪೀಡಪ್ಪನವರು ನನ್ನ ಮುಖ ನೋಡಿದರು. ಹೆಂಡತಿಯ ಕಡೆಯ ಹಿರಿಯರು. ಟೈರಿಗೆ ಬಹುವಚನ ಬೇಕೆಂದರೆ ಕೊಟ್ಟರಾಯಿತು, ಕಾರು ಉಳಿದರೆ ಸಾಕು. ಗಂಟಲು ಸರಿಮಾಡಿಕೊಂಡು, ಕೈ ಕಟ್ಟಿ, ವಿನಯದಿಂದ ಹೇಳಿದರು.

“ಆಯ್ತು. ಅವರು ಬಹಳ ಸವೆದುಹೋಗಿದ್ದಾರೆ. ಅವರಿಗೆ ಮೊದಲಿನ ಹಿಡಿತ ಇಲ್ಲ. ಮಳೆ ಬಂದ್ರೆ ಅವರು ಜಾರ್ತಾರೆ. ಅವರಲ್ಲಿ ಗಾಳಿ ನಿಲ್ಲಲ್ಲ. ನಾನು ದಿನಾ ಬೆಳಿಗ್ಗೆ ಪಂಪ್ ತಗೊಂಡು ಅವರಿಗೆ ಗಾಳಿ ಹೊಡೀತೀನಿ.”

“ಪಂಪ್ ತಗೊಂಡು!” ಎಂದರು ದೊಡ್ಡತ್ತೆ, ಸ್ವರವೇ ಇಲ್ಲದೆ.

“ದಿನಾ!” ಎಂದರು ಚಿಕ್ಕಮಾವ. ದಾಖಲಾಗಲಿ ಎನ್ನುವುದನ್ನೂ ಮರೆತರು.

“ಹೌದು. ಪಾಪ, ಅವರು ಒಂದು ಮಾತೂ ಆಡಲ್ಲ.”

“ಕಳಿಸೋದಾದ್ರೂ ಎಲ್ಲಿಗಪ್ಪಾ? ಅಲ್ಲಿ ಚೆನ್ನಾಗಿ ನೋಡ್ಕೊಳ್ತಾರಾ?” ದೊಡ್ಡತ್ತೆಯ ಕಣ್ಣು ತುಂಬಿತು.

“ಚಿಂತೆ ಮಾಡ್ಬೇಡಿ. ಅಂಗಡಿಯೋನು ಒಳ್ಳೇ ಮನುಷ್ಯ, ದಂಡ ಮಾಡಲ್ಲ. ಅವರನ್ನ ಕತ್ತರಿಸಿ ಚಪ್ಪಲಿಗೆ ಅಟ್ಟೆ ಮಾಡ್ತಾನಂತೆ, ಅತ್ತೆ.”

ದೊಡ್ಡತ್ತೆ ಕಿರುಚಿದ ರಭಸಕ್ಕೆ ಡಾಕ್ಟರಮ್ಮ ಇಕ್ಕಳ ಹಿಡಿದುಕೊಂಡೇ ಕೆಳಗಿಳಿದು ಬಂದರು. “ಯಾರ ಹಲ್ಲು?” ಎಂದರು.

ಇನ್ನು ತಡೆಯಲಾಗಲಿಲ್ಲ ನನಗೆ. ಸಾಕ್ಷಿಯ ನಿಯಮ ಮುರಿದು ಕೂಗಿದೆ. “ಟೈರು! ಸ್ಪೀಡಪ್ಪನೋರೇ, ನೀವು ಹೇಳ್ತಿರೋದು ಟೈರು, ಇವರು ಕೇಳ್ತಿರೋದು ಮಾಸ್ತರು!”

ಸ್ಪೀಡಪ್ಪನವರ ಮುಖದಲ್ಲಿ ಹಿತ್ತಿಲ ಫೋನಿನ ಒಂದೊಂದು ಮಾತೂ ಹಿಂದಿರುಗಿ ಬರುವುದು ಕಾಣಿಸುತ್ತಿತ್ತು. ಬೋಳು ಬಂತು. ಹೊಟ್ಟೆ ಬಂತು. ಗಾಳಿ ಬಂದಾಗ ಅವರು ಎದ್ದು ನಿಂತರು.

“ಅಯ್ಯೋ ದೇವರೇ! ಮಾವಾ!”

ಮಾವನ ಕೋಣೆ ಖಾಲಿ. ಹಾಸಿಗೆ ಮಡಚಿಟ್ಟಿತ್ತು. ಟ್ರಂಕು ಇರಲಿಲ್ಲ. ದಿಂಬಿನ ಮೇಲೆ ಟೋಪಿ ಇತ್ತು, ಅಳಿಯ ತಂದುಕೊಟ್ಟದ್ದು, ಬಿಟ್ಟುಹೋಗಿದ್ದರು. ಸ್ಪೀಡಪ್ಪನವರು ಅದನ್ನು ಕೈಗೆತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದರು. ಅವರನ್ನು ಅಷ್ಟು ವೇಗದಲ್ಲಿ ನಾನು ಅದೇ ಮೊದಲು ನೋಡಿದ್ದು. ಬೀದಿಯ ಈ ತುದಿ, ಆ ತುದಿ, ಎಲ್ಲೂ ಇಲ್ಲ. ಅಳುಮುಖ ಹೊತ್ತು ವಾಪಸು ಗೇಟಿಗೆ ಬಂದಾಗ ಕೆಂಪು ಕಾರಿನ ಹಿಂದಿನ ಗಾಜಿನಲ್ಲಿ ಏನೋ ನುಣ್ಣಗೆ ಹೊಳೆಯಿತು.

ಮಾಸ್ತರು ಹಿಂದಿನ ಸೀಟಿನಲ್ಲಿ ಕೂತಿದ್ದರು. ತೊಡೆಯ ಮೇಲೆ ಟ್ರಂಕು, ಟ್ರಂಕಿನ ಮೇಲೆ ಗದ್ದ.

“ಮಾವಾ, ಇಲ್ಲೇನ್ ಮಾಡ್ತಿದೀರಿ?”

“ಭಾನುವಾರ ತಂದು ಬಿಡ್ತೀನಿ ಅಂದಿದ್ರಲ್ಲ ಅಳಿಯಂದ್ರೇ,” ಎಂದರು ಮಾಸ್ತರು, ಮುಂದಿನ ಸೀಟನ್ನೇ ನೋಡುತ್ತ. “ನಿಮಗ್ಯಾಕೆ ಹೇಳೋ ಕಷ್ಟ ಅಂತ ನಾನೇ ಹತ್ತಿ ಕೂತೆ. ಎಲ್ಲಿಗೆ ಬಿಡ್ಬೇಕೋ ಬಿಡಿ. ಒಂದೇ ಬೇಜಾರು. ನಾನು ನಿಮ್ಮನ್ನ ಒಂದು ದಿನ ಏಕವಚನದಲ್ಲಿ ಕರೆದೋನಲ್ಲ. ನೀವು ನನ್ನನ್ನ ‘ಅದು’ ಅಂದ್ರಿ.”

ಸ್ಪೀಡಪ್ಪನವರು ಅಂಗಳದಲ್ಲೇ ಮೊಣಕಾಲೂರಿ ಕೂತುಬಿಟ್ಟರು. “ನಿಮ್ಮನ್ನಲ್ಲ ಮಾವ, ಟೈರನ್ನ. ಆಣೆಗೂ ಟೈರನ್ನ.”

“ಬೋಳು ಅಂದ್ರಿ.”

“ಟೈರು ಮಾವ.”

“ಸದ್ದು ಅಂದ್ರಿ.”

“ಅದೂ ಟೈರೇ ಮಾವ.”

“ಗಾಳಿ?”

ಸ್ಪೀಡಪ್ಪನವರು ಪ್ರಾಮಾಣಿಕ ಮನುಷ್ಯ. ಒಂದು ಗುಟುಕು ಉಗುಳು ನುಂಗಿಕೊಂಡರು. “ಆ ಮಾತೂ ಟೈರಿಗೇ ಹೇಳಿದ್ದು,” ಎಂದರು. ಆಮೇಲೆ ಕೈಯಲ್ಲಿದ್ದ ಟೋಪಿಯನ್ನು ಮಾವನ ಮುಂದೆ ಹಿಡಿದರು. “ನೀವು ಹೋದ್ರೆ ನನಗೆ ಸೀಟಿ ಊದೋರು ಯಾರು ಮಾವ? ನೀವಿಲ್ದೆ ಈ ವಾರ ಎಷ್ಟು ಕುಂಡ ಒಡೆದೆ ಗೊತ್ತಾ? ಕಾರು ಬೇಕಾದ್ರೆ ಮಾರ್ತೀನಿ, ನೀವು ಇಳೀರಿ.”

ಮಾಸ್ತರು ಕಣ್ಣು ಒರೆಸಿಕೊಂಡರು. ಕೊನೆಗೆ, “ಇಳಿಯೋಕೆ ಆಗ್ತಿದ್ರೆ ಆಗ್ಲೇ ಇಳಿದು ಬಸ್ಸಿಗೆ ಹೋಗ್ತಿದ್ದೆ,” ಎಂದರು. “ಎಳೀರಿ.”

ಒಂದು ಕಡೆ ಅಳಿಯ, ಒಂದು ಕಡೆ ನಾನು, ಹಿಂದಿನಿಂದ ಚಿಕ್ಕಮಾವನ ಸಲಹೆ. ಟ್ರಂಕನ್ನು ಅಂಗಳದಲ್ಲಿ ಇಳಿಸಿ, ಅವರನ್ನು ಎಳೆದು ಹೊರತೆಗೆದೆವು. ಮಾಸ್ತರು ಮೊದಲು ಮಾಡಿದ ಕೆಲಸ, ಬಗ್ಗಿ ಹಿಂದಿನ ಟೈರನ್ನು ಕೈಯಿಂದ ಸವರಿ ನೋಡಿದ್ದು. ಆಮೇಲೆ ತಮ್ಮ ತಲೆಯನ್ನು ಸವರಿಕೊಂಡರು. “ನಿಜ, ತಪ್ಪು ತಿಳ್ಕೊಳ್ಳೋ ಹಾಗೇ ಇದೆ,” ಎಂದರು.

ಆಗಿಂದಾಗಲೇ ಟೈರಂಗಡಿಗೆ ಹೊರಟೆವು. ಈ ಸಲ ಮಾಸ್ತರು ಮುಂದೆ, ನಾನು ಹಿಂದೆ. ಮಾಸ್ತರನ್ನು ನಾನು ಎಷ್ಟು ಗೌರವಿಸಬೇಕಿತ್ತು ಎಂಬುದು ಆ ಸೀಟಿನಲ್ಲಿ ಮಡಚಿ ಕೂತ ಮೇಲೆ ಗೊತ್ತಾಯಿತು.

“ಬನ್ನಿ ಸಾರ್,” ಎಂದ ಅಂಗಡಿಯವನು. “ಮೆತ್ತಂದೇ ತಾನೆ? ನೀವು ಎಳೆಯೋರು.”

“ಎಳೆಯೋದಾ?” ಮಾಸ್ತರು ಕೇಳಿದರು. “ಯಾರು? ನಮ್ಮ ಅಳಿಯಂದ್ರಾ? ನಾನು ಹಿಂದೆ ಕೂತು ನೋಡಿದೋನು, ಹೇಳ್ತೀನಿ ಕೇಳಿ. ಸೈಕಲ್ನೋರಿಗೆ ದಾರಿ ಬಿಡ್ತಾರೆ. ನಾಯಿ ಮಲಗಿದ್ರೆ ಏಳೋ ತನಕ ಕಾಯ್ತಾರೆ. ತಿರುವು ಬಂದ್ರೆ ನಿಲ್ಲಿಸಿ, ಆ ಕಡೆ ಈ ಕಡೆ ನೋಡಿ, ಉಸಿರು ಬಿಟ್ಟು ಆಮೇಲೆ ತಿರುಗಿಸ್ತಾರೆ. ಇಂಥ ಅಳಿಯ ಎಲ್ಲಾ ಮಾವಂದ್ರಿಗೂ ಸಿಗಲ್ಲ.”

ಅಂಗಡಿಯವನು ಸ್ಪೀಡಪ್ಪನವರ ಮುಖ ನೋಡಿದ. ಸ್ಪೀಡಪ್ಪನವರು ಕಾರಿಗಿಂತ ಕೆಂಪಾದರು. ಆದರೆ ಅಲ್ಲ ಎನ್ನಲಿಲ್ಲ.

“ಗಟ್ಟೀದೇ ಹಾಕಪ್ಪ,” ಎಂದರು. “ನಾನು ಸಂಸಾರಸ್ಥ.”

“ಅಷ್ಟು ನಿಧಾನಕ್ಕೆ ಓಡ್ಸಿದ್ರೆ ಐದು ವರ್ಷ ಏನು ಸಾರ್, ಕಾರೇ ಹೋದ್ರೂ ಟೈರು ಇರುತ್ತೆ,” ಎಂದ ಅಂಗಡಿಯವನು. ಹೊಸ ಟೈರು ಹಾಕಿ, ಗಾಳಿ ತುಂಬಿ, ಕೈ ಒರೆಸಿಕೊಂಡು, ಹಳೆಯ ಎರಡನ್ನೂ ಕಾಲಿನಿಂದ ಮೂಲೆಗೆ ಉರುಳಿಸಲು ಹೋದ. “ಹಳೇದನ್ನ ಇಲ್ಲೇ ಬಿಟ್ಟು ಹೋಗ್ತೀರಲ್ಲ ಸಾರ್?”

ಮಾಸ್ತರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಸ್ಪೀಡಪ್ಪನವರು ಒಮ್ಮೆ ಟೈರನ್ನು ನೋಡಿದರು, ಒಮ್ಮೆ ಮಾವನ ಬೆನ್ನು ನೋಡಿದರು.

“ಇಲ್ಲ,” ಎಂದರು. “ಅವರು ನಮ್ಮ ಜೊತೆ ಮನೆಗೆ ಬರ್ತಾರೆ.”

ಹೀಗೆ ಹಿಂದಿನ ಸೀಟಿನಲ್ಲಿ ನನ್ನ ಜಾಗಕ್ಕೆ ಅವರಿಬ್ಬರು ಬಂದರು. ನಾನು ನಡೆದುಕೊಂಡು ಹೊರಟೆ. ಮನೆ ಮುಟ್ಟಿ, ಗೇಟಿಗೆ ಒರಗಿ ನಿಂತು, ಡಾಕ್ಟರಮ್ಮನ ಹತ್ತಿರ ಅಷ್ಟೂ ಕಥೆ ಹೇಳಿ ಮುಗಿಸಿದ ಮೇಲೆ ಕಾರು ತಿರುವಿನಲ್ಲಿ ಕಾಣಿಸಿತು. ಮಾಸ್ತರು ಇಳಿದು ಬಂದು ನಿಂತರು. ಸೀಟಿ ಊದಿದರು. “ಹಿಂದೆ ಬರ್ಲಿ, ಇನ್ನೂ ಬರ್ಲಿ, ಸಾವಧಾನ್!” ಕಾರು ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತಿತು. ಒಂದು ಕುಂಡವೂ ಅಲುಗಲಿಲ್ಲ.

ಅದೇ ಹೊತ್ತಿಗೆ ಮಗಳು ಡ್ಯೂಟಿ ಮುಗಿಸಿ ಬಂದರು. ಬೆಳಗಿನಿಂದ ನಡೆದದ್ದು ಯಾವುದೂ ಆಕೆಗೆ ಗೊತ್ತಿಲ್ಲ. ಹಿಂದಿನ ಸೀಟಿಗೆ ಇಣುಕಿ ನೋಡಿ, ದಣಿದ ಧ್ವನಿಯಲ್ಲಿ ಗಂಡನನ್ನು ಕೇಳಿದರು.

“ಏನ್ರೀ ಇದು? ಬೋಳಾದ್ದನ್ನ ಯಾರಾದ್ರೂ ಮನೇಲಿ ಇಟ್ಕೊಳ್ತಾರಾ? ಎಲ್ಲಾದ್ರೂ ಬಿಟ್ಟು ಬರೋದಲ್ವಾ?”

ಒಳಗಿನಿಂದ ಕಾಫಿ ಲೋಟ ಬಿದ್ದ ಸದ್ದಾಯಿತು. ದೊಡ್ಡತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಬಾಗಿಲಿಗೆ ಧಾವಿಸಿ ಬಂದರು.

“ಅಯ್ಯೋ, ಹೊಟ್ಟೇಲಿ ಹುಟ್ಟಿದ ಮಗಳೂ ಹಿಂಗಂತಾಳಲ್ಲೋ!”

“ಟೈರು ಅಕ್ಕ, ಟೈರು,” ಎಂದರು ಮಾಸ್ತರು, ಟ್ರ‍ಂಕನ್ನು ಒಳಗೆ ತೆಗೆದುಕೊಂಡು ಹೋಗುತ್ತ.